ಹುತಾತ್ಮರ ದಿನದ ಪೊಲೀಸ್ ಬ್ಯಾಂಡ್: ಕ್ಯಾಮೆರಾ ಹಿಡಿದು ಹೋಗುವವರಿಗೆ

ಅಕ್ಟೋಬರ್ ಬಂತೆಂದರೆ ದಾವಣಗೆರೆ ಮತ್ತು ಚಿತ್ರದುರ್ಗದ ಓದುಗರಿಂದ ಒಂದೇ ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. ಪೊಲೀಸ್ ಹುತಾತ್ಮರ ದಿನದಂದು ಬ್ಯಾಂಡ್‌ನವರ ಫೋಟೊ ತೆಗೆಯಲು ಯಾರನ್ನು ಕೇಳಬೇಕು, ಮೈದಾನದಲ್ಲಿ ಎಲ್ಲಿ ನಿಲ್ಲಬೇಕು, ಬೆಳಗಿನ ಬಿಸಿಲಿದ್ದರೂ ಮುಖಗಳು ಕಪ್ಪಾಗುವುದೇಕೆ, ಮೊಬೈಲ್ ಸಾಕೇ ಎಂದು ಕೇಳುವವರಲ್ಲಿ ಮದುವೆ ಫೋಟೊ ತೆಗೆಯುವ ವೃತ್ತಿಯವರೂ ಇದ್ದಾರೆ, ಮೊನ್ನೆ ಮೊನ್ನೆ ಕ್ಯಾಮೆರಾ ಕೊಂಡ ವಿದ್ಯಾರ್ಥಿಗಳೂ ಇದ್ದಾರೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲು ಒಂದು ಸ್ಪಷ್ಟನೆ. ಅನೇಕರು ಇದನ್ನು ‘ಮಿಲಿಟರಿ ಬ್ಯಾಂಡ್’ ಎಂದೇ ಕರೆಯುತ್ತಾರೆ. ಸೇನೆಯ ಬ್ಯಾಂಡ್‌ಗಳು ಬೆಂಗಳೂರು, ಬೆಳಗಾವಿಯಂಥ ಕಡೆ ಇರುವ ರೆಜಿಮೆಂಟ್ ಕೇಂದ್ರಗಳಿಗೆ ಸೇರಿದವು. ನಮ್ಮ ಜಿಲ್ಲಾ ಕೇಂದ್ರಗಳ ಕವಾಯತು ಮೈದಾನದಲ್ಲಿ ನುಡಿಸುವವರು ಜಿಲ್ಲಾ ಸಶಸ್ತ್ರ ಮೀಸಲು ಪಡೆಯ, ಅಂದರೆ ಡಿಎಆರ್‌ನ ಸಿಬ್ಬಂದಿ. ವಾದ್ಯಗಳೂ ಶಿಸ್ತೂ ಸೇನೆಯ ಮಾದರಿಯವೇ ಆದ್ದರಿಂದ ಇಲ್ಲಿ ಹೇಳುವುದು ಕಾರ್ಗಿಲ್ ವಿಜಯ ದಿವಸದಂಥ ಸೈನಿಕ ಸ್ಮರಣೆಗಳಿಗೂ ಅನ್ವಯಿಸುತ್ತದೆ. ಆದರೆ ಫೋಟೊದ ಕೆಳಗೆ ಬರೆಯುವಾಗ ‘ಪೊಲೀಸ್ ಬ್ಯಾಂಡ್’ ಎಂದೇ ಬರೆಯಿರಿ.

ಹಿನ್ನೆಲೆಯೂ ತಿಳಿದಿರಲಿ. 1959ರ ಅಕ್ಟೋಬರ್ 21ರಂದು ಲಡಾಖಿನ ಹಾಟ್ ಸ್ಪ್ರಿಂಗ್ಸ್ ಎಂಬಲ್ಲಿ ಗಸ್ತಿನಲ್ಲಿದ್ದ ಪೊಲೀಸರ ತಂಡದ ಮೇಲೆ ಚೀನಾದ ಸೈನಿಕರು ಗುಂಡು ಹಾರಿಸಿದಾಗ 10 ಮಂದಿ ಪ್ರಾಣ ತೆತ್ತರು. ಮರುವರ್ಷದಿಂದ ಆ ದಿನವನ್ನು ದೇಶದಾದ್ಯಂತ ಆಚರಿಸಲಾಗುತ್ತಿದೆ. ಹಿಂದಿನ ಸೆಪ್ಟೆಂಬರ್ 1ರಿಂದ ಆ ವರ್ಷದ ಆಗಸ್ಟ್ 31ರವರೆಗೆ ಕರ್ತವ್ಯದಲ್ಲಿದ್ದಾಗ ಮಡಿದ ಪೊಲೀಸರ ಹೆಸರುಗಳನ್ನು ಅಂದು ಓದುತ್ತಾರೆ. ಆ ಹೆಸರುಗಳಲ್ಲಿ ಯಾವುದೋ ಒಂದು, ಶಾಮಿಯಾನದ ಕೆಳಗೆ ಕುಳಿತವರ ಮನೆಯದ್ದಾಗಿರಬಹುದು. ಆದ್ದರಿಂದ ಸ್ವಾತಂತ್ರ್ಯೋತ್ಸವದ ಮೈದಾನದಲ್ಲಿ ಓಡಾಡಿದ ಹಾಗೆ ಇಲ್ಲಿ ಓಡಾಡಲಾಗದು. ಕಾರ್ಯಕ್ರಮದ ಕ್ರಮ ಮೊದಲೇ ಗೊತ್ತಿದ್ದು, ಒಂದೇ ಕಡೆ ನಿಂತು, ಯಾವಾಗ ಬಟನ್ ಒತ್ತಬಾರದು ಎಂಬುದನ್ನು ನಿರ್ಧರಿಸಿಕೊಂಡು ಬಂದವರಿಗಷ್ಟೇ ಇಲ್ಲಿ ಒಳ್ಳೆಯ ಫೋಟೊ ಸಿಗುತ್ತದೆ.

ಹಂತ 1: ಅನುಮತಿ

ಸಮಾರಂಭ ಸಾರ್ವಜನಿಕವಾದರೂ ಮೈದಾನ ಪೊಲೀಸರದ್ದು. ಒಂದು ವಾರ ಮೊದಲೇ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಹೆಸರಿಗೆ ಒಂದು ಪುಟದ ಮನವಿ ಬರೆದು, ನಿಮ್ಮ ಗುರುತಿನ ಚೀಟಿಯ ಪ್ರತಿ, ಮೊಬೈಲ್ ಸಂಖ್ಯೆ, ತರುವ ಉಪಕರಣಗಳ ವಿವರ, ಫೋಟೊಗಳನ್ನು ಯಾವುದಕ್ಕೆ ಬಳಸುವಿರಿ ಎಂಬುದನ್ನು ಸೇರಿಸಿ ಕಚೇರಿಯಲ್ಲಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಆನಂತರ ಡಿಎಆರ್‌ನಲ್ಲಿ ಕವಾಯತಿನ ಹೊಣೆ ಹೊತ್ತಿರುವ ಆರ್‌ಪಿಐ, ಅಂದರೆ ರಿಸರ್ವ್ ಪೊಲೀಸ್ ಇನ್‌ಸ್ಪೆಕ್ಟರ್ ಅವರನ್ನು ಒಮ್ಮೆ ಖುದ್ದಾಗಿ ಕಾಣಿರಿ. ‘ಸರ್, ನಾನು ಎಲ್ಲಿ ನಿಲ್ಲಬಹುದು, ಎಲ್ಲಿ ನಿಲ್ಲಬಾರದು?’ ಎಂದು ಕೇಳಿದರೆ ಅವರು ಮೈದಾನದಲ್ಲೇ ಕೈ ಮಾಡಿ ತೋರಿಸುತ್ತಾರೆ. ಮೊಹರು ಬಿದ್ದ ಪತ್ರಕ್ಕಿಂತ ಈ ಮಾತು ನಿಮಗೆ ಹೆಚ್ಚು ನೆರವಾಗುತ್ತದೆ. ಪತ್ರಿಕೆಗಳವರು ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಮೂಲಕ ಹೋಗುವುದು ರೂಢಿ.

ಡ್ರೋನ್ ತರುವ ಯೋಚನೆಯನ್ನು ಬಿಟ್ಟುಬಿಡಿ. 2021ರ ಡ್ರೋನ್ ನಿಯಮಗಳ ಮಾತು ಹಾಗಿರಲಿ, ಮೌನಾಚರಣೆಯ ನಡುವೆ ತಲೆಯ ಮೇಲೆ ಗುಂಯ್‌ಗುಡುವ ಯಂತ್ರವನ್ನು ಯಾರೂ ಕ್ಷಮಿಸುವುದಿಲ್ಲ.

ಹಂತ 2: ತಾಲೀಮಿನ ದಿನ ಹೋಗಿ

ಈ ಲೇಖನದಲ್ಲಿ ಒಂದೇ ಒಂದು ಹಂತವನ್ನು ಪಾಲಿಸುವುದಾದರೆ ಇದನ್ನೇ ಪಾಲಿಸಿ. ಸಮಾರಂಭಕ್ಕೆ ಒಂದೆರಡು ದಿನ ಮೊದಲು ಅದೇ ಮೈದಾನದಲ್ಲಿ ಪೂರ್ವಾಭ್ಯಾಸ ನಡೆಯುತ್ತದೆ. ಅನುಮತಿ ಸಿಕ್ಕರೆ ಅಂದು ಅದೇ ಹೊತ್ತಿಗೆ ಹೋಗಿ, ಕ್ಯಾಮೆರಾವನ್ನು ಚೀಲದಲ್ಲೇ ಇಟ್ಟು, ಒಂದು ಸಣ್ಣ ಟಿಪ್ಪಣಿ ಪುಸ್ತಕ ಹಿಡಿದು ನಿಲ್ಲಿ.

ಬರೆದುಕೊಳ್ಳಬೇಕಾದ ಮೊದಲ ವಿಷಯ ಕಾರ್ಯಕ್ರಮದ ಕ್ರಮ. ಸಾಮಾನ್ಯವಾಗಿ ಅತಿಥಿಗಳ ಆಗಮನ, ಗೌರವ ವಂದನೆ, ಹೆಸರುಗಳ ವಾಚನ, ಸ್ಮಾರಕಕ್ಕೆ ಪುಷ್ಪಗುಚ್ಛ ಅರ್ಪಣೆ, ಗಾಳಿಯಲ್ಲಿ ಮೂರು ಸುತ್ತು ಗುಂಡು, ಬ್ಯೂಗಲ್, ಮೌನ ಇವೆಲ್ಲ ಇರುತ್ತವೆ. ಆದರೆ ಯಾವುದು ಮೊದಲು, ಯಾವುದು ನಂತರ ಎಂಬುದು ಊರಿನಿಂದ ಊರಿಗೆ ಬದಲಾಗುತ್ತದೆ. ಒಂದೊಂದರ ಮುನ್ನ ಯಾವ ಆಜ್ಞೆ ಬರುತ್ತದೆ ಎಂಬುದನ್ನು ಕಿವಿಗೊಟ್ಟು ಕೇಳಿ. ‘ಶೋಕ ಶಸ್ತ್ರ’ ಎಂಬುದು ಬಂದೂಕಿನ ಬಾಯಿಯನ್ನು ಕೆಳಮುಖವಾಗಿಸಿ, ತಲೆ ತಗ್ಗಿಸಿ ನಿಲ್ಲುವ ಆಜ್ಞೆ. ಅದು ಕೇಳಿಸಿತೆಂದರೆ ಬ್ಯೂಗಲ್ ನುಡಿಸುವವರು ಸಿದ್ಧರಾಗುತ್ತಿದ್ದಾರೆ ಎಂದು ತಿಳಿಯಿರಿ. ನೀವು ಜಾಗ ಬದಲಿಸುವ ಸಮಯ ಅಷ್ಟರಲ್ಲಿ ಮುಗಿದುಹೋಗಿರುತ್ತದೆ.

ಎರಡನೆಯದು ಬೆಳಕು. ಅಕ್ಟೋಬರ್ ಮೂರನೆಯ ವಾರ ನಮ್ಮ ಕಡೆ ಸೂರ್ಯ ಹುಟ್ಟುವುದು ಬೆಳಿಗ್ಗೆ ಸುಮಾರು 6.15ಕ್ಕೆ, ಪೂರ್ವದಿಂದ ತುಸು ದಕ್ಷಿಣಕ್ಕೆ. ಎಂಟು ಗಂಟೆಯ ಹೊತ್ತಿಗೆ ಅದು ಇನ್ನೂ ಓರೆಯಾಗಿಯೇ ಇದ್ದು, ಆಳಿನ ನೆರಳು ಆಳಿಗಿಂತ ಸುಮಾರು ಎರಡು ಪಟ್ಟು ಉದ್ದ ಬೀಳುತ್ತದೆ. ಬ್ಯಾಂಡ್‌ನವರು ನಿಂತ ಜಾಗದಲ್ಲಿ ನೆರಳು ಯಾವ ಕಡೆಗೆ ಚಾಚಿದೆ ನೋಡಿ. ಅವರ ನೆರಳು ಅವರ ಬೆನ್ನ ಹಿಂದೆ ಓರೆಯಾಗಿ ಬಿದ್ದಿದ್ದರೆ ಮುಖಕ್ಕೆ ಬೆಳಕಿದೆ. ನೆರಳು ನಿಮ್ಮ ಕಡೆಗೇ ಚಾಚಿದ್ದರೆ ಮುಖಗಳು ಕಪ್ಪಾಗುವುದು ಖಚಿತ. ಆಗ ನೀವೇ ಪಕ್ಕಕ್ಕೆ ಸರಿಯಬೇಕೇ ಹೊರತು ಅವರನ್ನು ತಿರುಗಿಸಲಾಗದು.

ಮೂರನೆಯದು ಹಿನ್ನೆಲೆ. ಇಂದಿನ ಸಮಾರಂಭಗಳಲ್ಲಿ ಫೋಟೊಗ್ರಾಫರನ ದೊಡ್ಡ ಶತ್ರು ಫ್ಲೆಕ್ಸ್. ಅದರ ಜೊತೆಗೆ ನೀಲಿ ಪ್ಲಾಸ್ಟಿಕ್ ಕುರ್ಚಿಗಳು, ನಿಲ್ಲಿಸಿದ ಜೀಪುಗಳು, ಶಾಮಿಯಾನದ ಕಂಬಗಳು. ಅರ್ಧ ಅಡಿ ಎಡಕ್ಕೋ ಬಲಕ್ಕೋ ಸರಿದರೆ ಕಂಬವೊಂದು ದೊಡ್ಡ ಡ್ರಮ್‌ನ ಹಿಂದೆ ಅಡಗಿಕೊಳ್ಳುತ್ತದೆ. ಆ ಅರ್ಧ ಅಡಿಯನ್ನು ಹುಡುಕಿಕೊಂಡು, ನೆಲದ ಮೇಲೆ ಒಂದು ಗುರುತು ಇಟ್ಟುಕೊಂಡು ಬನ್ನಿ.

ಹಂತ 3: ಏನು ಒಯ್ಯಬೇಕು

ಒಂದು ಕ್ಯಾಮೆರಾ, ಒಂದೇ ಲೆನ್ಸ್ ಎಂದರೆ ನನ್ನ ಆಯ್ಕೆ 70–200 ಮಿಲಿಮೀಟರಿನದು. ದೂರದಿಂದಲೇ ಮುಖವನ್ನು ಹತ್ತಿರ ತರುವ, ಸಾಲುಗಳನ್ನು ಒಂದಕ್ಕೊಂದು ಒತ್ತಿ ನಿಲ್ಲಿಸಿದಂತೆ ತೋರಿಸುವ ಲೆನ್ಸ್ ಅದು. ಇಡೀ ಮೈದಾನ ತೋರಿಸಲು 24–70 ಇದ್ದರೆ ಸರಿ, ಇಲ್ಲದಿದ್ದರೆ ಮೊಬೈಲ್ ಆ ಕೆಲಸ ಮಾಡುತ್ತದೆ. ಮೂರು ಕಾಲಿನ ಸ್ಟ್ಯಾಂಡ್ ಬೇಡ, ಅದು ಅಧಿಕಾರಿಗಳ ದಾರಿಗೆ ಅಡ್ಡ ಬರುತ್ತದೆ. ಒಂಟಿ ಕಾಲಿನ ಮೊನೊಪಾಡ್ ಸಾಕು. ಅಕ್ಟೋಬರ್‌ನಲ್ಲಿ ಹಿಂಗಾರು ಮಳೆ ಹಿಂದಿನ ರಾತ್ರಿ ಸುರಿದಿರಬಹುದಾದ್ದರಿಂದ, ಮಂಡಿಯೂರಿ ಕೂರಲು ಒಂದು ಗೋಣಿಚೀಲವನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಇಟ್ಟುಕೊಳ್ಳಿ.

ಬಟ್ಟೆಯ ವಿಷಯ ಕ್ಷುಲ್ಲಕವೆನಿಸಬಹುದು, ಅಲ್ಲ. ಕಂದು, ಬೂದು ಅಥವಾ ಕಡುನೀಲಿಯಂಥ ಸಪ್ಪೆ ಬಣ್ಣದ ಅಂಗಿ ತೊಡಿ. ಸಂದರ್ಭಕ್ಕೆ ಒಪ್ಪುವುದು ಒಂದು ಕಾರಣ, ಇನ್ನೊಂದು ಕಾರಣ ಹಿತ್ತಾಳೆ. ಉಜ್ಜಿ ಹೊಳಪೇರಿಸಿದ ಬ್ಯೂಗಲ್‌ನ ಅಗಲ ಬಾಯಿಯನ್ನು ಹತ್ತಿರದಿಂದ ನೋಡಿದರೆ ಅದೊಂದು ಉಬ್ಬುಗನ್ನಡಿ: ಬಾಗಿದ ಆಕಾಶ, ಬಿಲ್ಲಿನಂತೆ ಬಳುಕಿದ ಸಿಪಾಯಿಗಳ ಸಾಲು, ಶಾಮಿಯಾನದ ಕೆಂಪು ಗೆರೆ, ನಟ್ಟನಡುವೆ ಕ್ಯಾಮೆರಾ ಹಿಡಿದ ನೀವು. ಕಿತ್ತಳೆ ಬಣ್ಣದ ಟೀ ಶರ್ಟ್ ತೊಟ್ಟು ಹೋದವರೊಬ್ಬರ ಅತ್ಯುತ್ತಮ ಚಿತ್ರದಲ್ಲಿ ಬ್ಯೂಗಲ್‌ನೊಳಗೆ ಒಂದು ಕಿತ್ತಳೆ ಚುಕ್ಕೆ ಕುಳಿತಿದ್ದನ್ನು ನಾನು ಕಂಡಿದ್ದೇನೆ.

ಹಂತ 4: ಕ್ಯಾಮೆರಾವನ್ನು ಮೂಕವಾಗಿಸಿ

ಮನೆಯಲ್ಲೇ ಮಾಡಿಕೊಂಡು ಹೊರಡಬೇಕಾದ ಕೆಲಸ ಇದು. ಫೋಕಸ್ ಆದಾಗ ಬರುವ ‘ಬೀಪ್’ ಸದ್ದು, ಫ್ಲ್ಯಾಶ್, ಮಬ್ಬಿನಲ್ಲಿ ಫೋಕಸ್‌ಗೆ ನೆರವಾಗಲು ಕ್ಯಾಮೆರಾ ತಾನೇ ಹೊತ್ತಿಸುವ ಪುಟ್ಟ ದೀಪ, ಈ ಮೂರನ್ನೂ ಮೆನುವಿಗೆ ಹೋಗಿ ಆರಿಸಿ. ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ವೈಬ್ರೇಶನ್ ಸಾಲದು, ಜೇಬಿನಲ್ಲಿ ಬೀಗದ ಕೈ ಇದ್ದರೆ ಅದೂ ಸದ್ದು ಮಾಡುತ್ತದೆ. ನನ್ನ ಫೋನೇ ಒಂದು ವರ್ಷ ಮೌನದ ನಡುವೆ ಹೀಗೆ ಗುರುಗುಟ್ಟಿತ್ತು. ಪಕ್ಕದಲ್ಲಿದ್ದ ಹಿರಿಯ ಹೆಡ್ ಕಾನ್‌ಸ್ಟೆಬಲ್ ಒಬ್ಬರು ತಿರುಗಿ ನೋಡಿದ ನೋಟ ಇವತ್ತಿಗೂ ನೆನಪಿದೆ.

ಇನ್ನು ಸದ್ದಿಲ್ಲದ ಷಟರ್. ಷಟರ್ ಎಂದರೆ ಬೆಳಕು ಸೆನ್ಸರ್‌ನ, ಅಂದರೆ ಚಿತ್ರ ಹಿಡಿಯುವ ಫಲಕದ ಮೇಲೆ ಎಷ್ಟು ಹೊತ್ತು ಬೀಳಬೇಕೆಂದು ನಿಯಂತ್ರಿಸುವ ಕದ. ಹೊಸ ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿಯಿಲ್ಲದ ಕ್ಯಾಮೆರಾಗಳಲ್ಲಿ ಈ ಕದ ಅಲುಗಾಡದೆಯೇ ಕೆಲಸ ಮಾಡುವ ಎಲೆಕ್ಟ್ರಾನಿಕ್ ಷಟರ್ ಇರುತ್ತದೆ. ಬ್ಯೂಗಲ್ ನುಡಿಸುವವರಿಗೆ ಅದನ್ನೇ ಬಳಸಿ. ಆದರೆ ಡ್ರಮ್ ಬಾರಿಸುವವರಿಗೆ ಬಳಸಬೇಡಿ. ಹೆಚ್ಚಿನ ಕ್ಯಾಮೆರಾಗಳಲ್ಲಿ ಅದು ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಓದುವುದರಿಂದ, ಓದಿ ಮುಗಿಸುವಷ್ಟರಲ್ಲಿ ವೇಗವಾಗಿ ಬೀಸುವ ಕೋಲು ಜಾಗ ಬದಲಿಸಿ, ಫೋಟೊದಲ್ಲಿ ಬಾಳೆದಿಂಡಿನ ನಾರಿನಂತೆ ಬಳುಕಿ ಕಾಣುತ್ತದೆ. ‘ನನ್ನ ಕ್ಯಾಮೆರಾ ಕೆಟ್ಟಿದೆಯೇ?’ ಎಂದು ಕೇಳಿ ಇಂಥ ಚಿತ್ರ ಕಳುಹಿಸಿದವರಿಗೆಲ್ಲ ಇದೇ ಉತ್ತರ. ಡ್ರಮ್‌ನ ಸದ್ದಿನ ನಡುವೆ ಕ್ಯಾಮೆರಾದ ಸದ್ದು ಯಾರಿಗೂ ಕೇಳಿಸುವುದಿಲ್ಲವಾದ್ದರಿಂದ ಅಲ್ಲಿ ಮಾಮೂಲಿ ಮೆಕ್ಯಾನಿಕಲ್ ಷಟರನ್ನೇ ಬಳಸಿ.

ಹಂತ 5: ಬೆಳಕಿನ ಲೆಕ್ಕ

ಹಿತ್ತಾಳೆಯ ಹೊಳಪು, ಬಿಳಿ ಕೈಗವಸು, ಕಪ್ಪು ಬೂಟು, ಟೊಪ್ಪಿಯ ಅಂಚಿನ ಕೆಳಗೆ ನೆರಳಲ್ಲಿರುವ ಮುಖ, ಇಷ್ಟೂ ಒಂದೇ ಚೌಕಟ್ಟಿನಲ್ಲಿ ಬಂದಾಗ ಕ್ಯಾಮೆರಾ ಗೊಂದಲಕ್ಕೆ ಬೀಳುತ್ತದೆ. ಕಾನ್‌ಸ್ಟೆಬಲ್‌ಗಳು ಹಿಂದೆ ತೊಡುತ್ತಿದ್ದ ಅಗಲ ಅಂಚಿನ ಸ್ಲೌಚ್ ಹ್ಯಾಟ್ ಅರ್ಧ ಮುಖವನ್ನೇ ನುಂಗುತ್ತಿತ್ತು. 2025ರ ಅಕ್ಟೋಬರ್ ಕೊನೆಯಲ್ಲಿ ರಾಜ್ಯದ ಕಾನ್‌ಸ್ಟೆಬಲ್‌ಗಳಿಗೆ ಬಂದ ನೀಲಿ ಪೀಕ್ ಕ್ಯಾಪ್‌ನ ನೆರಳು ಹಣೆ ಮತ್ತು ಕಣ್ಣಿಗಷ್ಟೇ ಸೀಮಿತ. ಆದರೂ ಕಣ್ಣೇ ಕತ್ತಲಲ್ಲಿದ್ದರೆ ಮುಖಕ್ಕೆ ಜೀವವಿರುವುದಿಲ್ಲ. ಇದಕ್ಕೆ ಎರಡು ಉಪಾಯಗಳಿವೆ. ಒಂದು, ಸೂರ್ಯ ಇನ್ನೂ ಓರೆಯಾಗಿರುವಾಗಲೇ, ಅಂದರೆ ಕಾರ್ಯಕ್ರಮದ ಮೊದಲ ಭಾಗದಲ್ಲೇ, ಮುಖದ ಚಿತ್ರಗಳನ್ನು ಮುಗಿಸಿಕೊಳ್ಳುವುದು. ಇನ್ನೊಂದು, ಮಂಡಿಯೂರಿ ತುಸು ಕೆಳಗಿನಿಂದ ತೆಗೆಯುವುದು. ಒಣನೆಲದಿಂದ ಮೇಲಕ್ಕೆ ಚಿಮ್ಮುವ ಬೆಳಕು ಟೊಪ್ಪಿಯ ಕೆಳಗೂ ಸೇರುತ್ತದೆ, ಹಿಂದಿರುವ ಕುರ್ಚಿಗಳು ಆಳುಗಳ ಮರೆಗೆ ಹೋಗುತ್ತವೆ.

ಆರಂಭಕ್ಕೆ ಈ ಅಳತೆಗಳನ್ನು ಇಟ್ಟುಕೊಳ್ಳಿ: ಐಎಸ್‌ಒ, ಅಂದರೆ ಸೆನ್ಸರ್‌ನ ಬೆಳಕಿನ ಸಂವೇದನೆ, 200, ನಿಂತು ನುಡಿಸುವವರಿಗೆ ಷಟರ್ ವೇಗ ಕನಿಷ್ಠ 1/250 ಸೆಕೆಂಡ್, ನಡೆಯುವ ಬ್ಯಾಂಡ್‌ಗೆ 1/500, ಡ್ರಮ್ ಕೋಲು ಗಾಳಿಯಲ್ಲಿ ನಿಂತಂತೆ ಕಾಣಬೇಕಾದರೆ 1/1000. ಅಪರ್ಚರ್, ಅಂದರೆ ಲೆನ್ಸ್‌ನೊಳಗಿನ ಬೆಳಕಿನ ಕಿಂಡಿ, ಒಬ್ಬರನ್ನೇ ಬಿಡಿಸಿ ತೋರಿಸಲು ಎಫ್/4, ಇಡೀ ಸಾಲು ಸ್ಪಷ್ಟವಾಗಿರಲು ಎಫ್/8. ಕೋಲಿನ ಬೀಸು ಮಂಜಿನಂತೆ ಹರಡಿ ಕಾಣಬೇಕೆನ್ನುವವರು ಐಎಸ್‌ಒ 100, ಎಫ್/16, 1/60 ಪ್ರಯತ್ನಿಸಬಹುದು. ಅದಕ್ಕಿಂತ ನಿಧಾನವಾದರೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕು.

ಒಂದು ಪರೀಕ್ಷಾ ಫೋಟೊ ತೆಗೆದು ಹಿತ್ತಾಳೆಯ ಭಾಗವನ್ನು ದೊಡ್ಡದು ಮಾಡಿ ನೋಡಿ. ಹೊಳಪಿನ ನಡುವೆ ಸಾಸಿವೆಯಷ್ಟು ಜಾಗ ಬೆಳ್ಳಗಿದ್ದರೆ ಅಡ್ಡಿಯಿಲ್ಲ. ಇಡೀ ವಾದ್ಯ ಸುಣ್ಣ ಬಳಿದಂತಿದ್ದರೆ ಎಕ್ಸ್‌ಪೋಶರ್ ಕಾಂಪೆನ್ಸೇಶನ್, ಅಂದರೆ ಕ್ಯಾಮೆರಾ ಲೆಕ್ಕ ಹಾಕಿದ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಗುಂಡಿಯನ್ನು –0.7ಕ್ಕೆ ಇಳಿಸಿ. ರಾ ಕಡತದಲ್ಲಿ, ಅಂದರೆ ಕ್ಯಾಮೆರಾ ತಿದ್ದದೆ ಹಾಗೆಯೇ ಉಳಿಸುವ ಮೂಲರೂಪದಲ್ಲಿ ತೆಗೆದರೆ ಮುಖದ ನೆರಳನ್ನು ಮನೆಯಲ್ಲಿ ಎತ್ತಿಕೊಳ್ಳಬಹುದು. ಪೋಲರೈಸರ್ ಫಿಲ್ಟರ್ ಹಾಕಿದರೆ ಹಿತ್ತಾಳೆಯ ಹೊಳಪು ಇಳಿಯುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ನೀರು, ಗಾಜಿನ ಮೇಲಿನ ಹೊಳಪಿಗೆ ಅದು ಸರಿ, ಬರಿ ಲೋಹದ ಮೇಲೆ ನಡೆಯದು. ವೈಟ್ ಬ್ಯಾಲೆನ್ಸನ್ನು, ಅಂದರೆ ಬೆಳಕಿಗೆ ತಕ್ಕಂತೆ ಕ್ಯಾಮೆರಾ ಬಣ್ಣ ಹೊಂದಿಸುವ ಕ್ರಮವನ್ನು, ‘ಡೇಲೈಟ್’ಗೆ ಕಟ್ಟಿಹಾಕಿ, ಇಲ್ಲವಾದರೆ ಒಂದೊಂದು ಫೋಟೊದಲ್ಲಿ ಖಾಕಿ ಒಂದೊಂದು ಬಣ್ಣಕ್ಕೆ ತಿರುಗುತ್ತದೆ.

ಮೊಬೈಲ್ ಬಳಸುವವರು ಬೆರಳಗಲಿಸಿ ಜೂಮ್ ಮಾಡಬೇಡಿ, ಫೋನಿನಲ್ಲಿ ಪ್ರತ್ಯೇಕ ಟೆಲಿ ಲೆನ್ಸ್ ಇದ್ದರೆ ಅಷ್ಟಕ್ಕೇ ನಿಲ್ಲಿ. ಮುಖದ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಫೋಕಸ್ ಬೀಗ ಬೀಳುತ್ತದೆ, ಆಮೇಲೆ ಪಕ್ಕದಲ್ಲಿ ಕಾಣುವ ಸೂರ್ಯನ ಚಿಹ್ನೆಯನ್ನು ತುಸು ಕೆಳಗೆಳೆಯಿರಿ.

ಹಂತ 6: ನಡೆಯುವ ಬ್ಯಾಂಡ್

ಇಲ್ಲಿ ಕಣ್ಣಿಗಿಂತ ಕಿವಿ ಮುಖ್ಯ. ತ್ವರಿತ ನಡಿಗೆಯಲ್ಲಿ ನಿಮಿಷಕ್ಕೆ ಸುಮಾರು 120 ಹೆಜ್ಜೆ ಬೀಳುತ್ತವೆ, ಅಂದರೆ ಅರ್ಧ ಸೆಕೆಂಡಿಗೊಂದು. ದೊಡ್ಡ ಡ್ರಮ್‌ನ ಪೆಟ್ಟಿಗೂ ಕಾಲು ನೆಲ ಮುಟ್ಟುವುದಕ್ಕೂ ತಾಳ ಕೂಡಿರುತ್ತದೆ. ಪೆಟ್ಟು ಕೇಳಿದ ಮೇಲೆ ಬಟನ್ ಒತ್ತಿದರೆ ನಿಮಗೆ ಸಿಗುವುದು ಮುಂದಿನ ಹೆಜ್ಜೆಗೆ ಎತ್ತುತ್ತಿರುವ, ಅರೆಬರೆ ಮಡಚಿದ ಕಾಲು. ನಾಲ್ಕು ಪೆಟ್ಟುಗಳನ್ನು ಮನಸ್ಸಿನಲ್ಲೇ ಎಣಿಸಿ, ಐದನೆಯದಕ್ಕೆ ಕೂದಲೆಳೆಯಷ್ಟು ಮುಂಚೆ ಒತ್ತಿ. ಎಲ್ಲರ ಕಾಲೂ ಒಂದೇ ಕೋನದಲ್ಲಿ ಚಾಚಿ, ಹಿಮ್ಮಡಿ ಊರುವ ಗಳಿಗೆ ಅದು. ಬರ್ಸ್ಟ್‌ನಲ್ಲಿ, ಅಂದರೆ ಬಟನ್ ಒತ್ತಿ ಹಿಡಿದು ಒಂದೇ ಸಮನೆ ತೆಗೆಯುವ ಕ್ರಮದಲ್ಲಿ, ಇದು ತಾನಾಗಿ ಸಿಗುತ್ತದೆಂದು ನಂಬಬೇಡಿ: ಸೆಕೆಂಡಿಗೆ 5 ಚಿತ್ರ ತೆಗೆಯುವ ಕ್ಯಾಮೆರಾ ಒಂದು ಹೆಜ್ಜೆಗೆ ಎರಡೋ ಮೂರೋ ಚಿತ್ರ ಕೊಡುತ್ತದೆ, ಬೇಕಾದದ್ದು ಆ ಎರಡರ ನಡುವೆ ಜಾರಿಹೋಗಬಹುದು.

ಮುಂದೆ ನಡೆಯುವ ಡ್ರಮ್ ಮೇಜರ್, ಅಂದರೆ ಉದ್ದನೆಯ ದಂಡ ಹಿಡಿದು ಬ್ಯಾಂಡನ್ನು ನಡೆಸುವವರು, ದಂಡ ಎತ್ತಿದರೆ ತಿರುವೋ ನಿಲುಗಡೆಯೋ ಬರುತ್ತಿದೆ ಎಂದರ್ಥ. ಅವರ ಎದುರು ಅಡ್ಡ ಓಡುವುದು, ಹಿಮ್ಮುಖವಾಗಿ ನಡೆಯುತ್ತ ಫೋಟೊ ತೆಗೆಯುವುದು ಮದುವೆ ಮೆರವಣಿಗೆಯ ಅಭ್ಯಾಸ. ಇಲ್ಲಿ ಬೇಡ.

ಹಂತ 7: ಗುಂಡು, ಬ್ಯೂಗಲ್, ಮೌನ

ಮೂರು ಸುತ್ತು ಗುಂಡು ಹಾರುವಾಗ ಮೊದಲ ಸುತ್ತಿಗೆ ಎಲ್ಲರೂ ಬೆಚ್ಚುತ್ತಾರೆ, ಅದರಲ್ಲಿ ನೀವೂ ಒಬ್ಬರು. ಮೊದಲ ಸುತ್ತನ್ನು ಬಿಟ್ಟುಕೊಟ್ಟು ಎರಡನೆಯದಕ್ಕೆ ಸಿದ್ಧರಾಗಿ. ಆ ಹೊತ್ತಿನಲ್ಲಿ ಬಂದೂಕುಗಳಿಗಿಂತ ಬ್ಯಾಂಡ್‌ನವರ ಮೇಲೆ ಕ್ಯಾಮೆರಾ ಇಟ್ಟರೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಸುತ್ತಲಿನ ಮರಗಳಿಂದ ಹಕ್ಕಿಗಳು ಎದ್ದು ಹಾರುತ್ತಿದ್ದರೂ ವಾದ್ಯವನ್ನು ಎದೆಗೊತ್ತಿಕೊಂಡು ರೆಪ್ಪೆ ಬಡಿಯದೆ ನಿಲ್ಲುವುದು ಅವರ ತರಬೇತಿ, ಅದು ಚಿತ್ರದಲ್ಲಿ ಕಾಣುತ್ತದೆ. ವಿಡಿಯೊ ಮಾಡುವವರು ಮೈಕ್‌ನ ಮಟ್ಟವನ್ನು ಮೊದಲೇ ತಗ್ಗಿಸಿಡಿ, ಇಲ್ಲದಿದ್ದರೆ ಗುಂಡಿನ ಸದ್ದು ಒಡೆದು ಕೇಳಿಸುತ್ತದೆ. ಚಿತ್ರದುರ್ಗದವರಿಗೆ ಇನ್ನೊಂದು ಮಾತು: ಗುಡ್ಡಗಳ ಮೇಲೆ ಸಾಲುಸಾಲು ಗಾಳಿಯಂತ್ರ ತಿರುಗುವ ಊರು ನಿಮ್ಮದು, ಮೈಕ್‌ಗೆ ಸ್ಪಂಜಿನ ಟೋಪಿ ಹಾಕದೆ ಹೋದರೆ ಬ್ಯೂಗಲ್‌ಗಿಂತ ಗಾಳಿಯೇ ಜೋರಾಗಿ ದಾಖಲಾಗುತ್ತದೆ.

ಬ್ಯೂಗಲ್‌ನಲ್ಲಿ ನುಡಿಸುವ ‘ಲಾಸ್ಟ್ ಪೋಸ್ಟ್’ ಮೂಲತಃ ಸೇನಾ ಶಿಬಿರಗಳಲ್ಲಿ ದಿನದ ಕೆಲಸ ಮುಗಿದುದನ್ನು ಸಾರುತ್ತಿದ್ದ ಕರೆ. ಈಗ ಮಡಿದವರಿಗೆ ಸಲ್ಲಿಸುವ ವಿದಾಯ. ಬ್ಯೂಗಲ್‌ಗೆ ಟ್ರಂಪೆಟ್‌ನಂತೆ ಬೆರಳಿನ ಗುಂಡಿಗಳಿಲ್ಲ. ಸ್ವರವೆಲ್ಲ ತುಟಿ ಮತ್ತು ಉಸಿರಿನಿಂದಲೇ ಹೊರಡಬೇಕು. ಆದ್ದರಿಂದ ಬೆರಳುಗಳನ್ನು ಹುಡುಕಬೇಡಿ, ಕತ್ತು ಮತ್ತು ಕೆನ್ನೆಯನ್ನು ನೋಡಿ. ಹೆಚ್ಚಿನವರು ಕೆನ್ನೆ ಉಬ್ಬಿದಾಗ ಬಟನ್ ಒತ್ತುತ್ತಾರೆ, ಮುಖ ವಿಕಾರವಾಗಿ ಬರುತ್ತದೆ. ನನಗೆ ಸಿಕ್ಕ ಒಳ್ಳೆಯ ಚಿತ್ರಗಳೆಲ್ಲ ನುಡಿಸುವುದಕ್ಕೆ ಮುಂಚಿನವು: ಬ್ಯೂಗಲ್ ಸೊಂಟದಿಂದ ಮೇಲೇರಿ, ತುಟಿಗೆ ಒಂದು ಬೆರಳಿನಷ್ಟು ದೂರವಿರುವಾಗ, ನುಡಿಸುವವರು ಕೆಳತುಟಿಯನ್ನು ಒಮ್ಮೆ ನಾಲಿಗೆಯಿಂದ ಒದ್ದೆ ಮಾಡಿಕೊಂಡು, ಭುಜ ಏರುವಷ್ಟು ಉಸಿರು ಎಳೆದುಕೊಳ್ಳುತ್ತಾರೆ. ಅರ್ಧ ಸೆಕೆಂಡಿನ ಮಾತು. ಕೊನೆಯ ಸ್ವರ ನಿಂತ ಮೇಲೆ ವಾದ್ಯ ತುಟಿ ಬಿಟ್ಟು ಕೆಳಗಿಳಿಯುವ ಗಳಿಗೆಯೂ ಅಷ್ಟೇ ಒಳ್ಳೆಯದು. ಇವೆರಡರ ನಡುವೆ ಮೂರೋ ನಾಲ್ಕೋ ಫೋಟೊ ಸಾಕು.

ಮೌನದ ಎರಡು ನಿಮಿಷ ಕ್ಯಾಮೆರಾವನ್ನು ಎದೆಯಿಂದ ಕೆಳಗಿಳಿಸಿ, ನೆಟ್ಟಗೆ ನಿಲ್ಲಿ. ಸದ್ದಿಲ್ಲದ ಷಟರ್ ಇದೆಯಲ್ಲ ಎಂದು ಕೆಲವರು ವಾದಿಸುತ್ತಾರೆ. ಸದ್ದು ಬಾರದಿದ್ದರೂ ಕ್ಯಾಮೆರಾ ಎತ್ತಿ ಹಿಡಿದ ಕೈ ಎಲ್ಲರಿಗೂ ಕಾಣುತ್ತದೆ. ಮೌನ ಮುಗಿಯಿತೆಂದು ಸಾರುವ ಎರಡನೆಯ ಕರೆ ಕೇಳಿದ ಮೇಲೆ ಮತ್ತೆ ಕೆಲಸ ಆರಂಭಿಸಿ.

ಹುತಾತ್ಮರ ಮನೆಯವರ ಕಣ್ಣೀರನ್ನು ಲೆನ್ಸ್‌ನಿಂದ ಹತ್ತಿರಕ್ಕೆಳೆಯಬೇಡಿ. ಅವರು ಪುಷ್ಪಗುಚ್ಛ ಇಡುವುದನ್ನು ದೂರದಿಂದ, ಬ್ಯಾಂಡ್ ಮುಂಬದಿಗೆ ಬರುವಂತೆ ತೆಗೆದರೆ ಚಿತ್ರವೂ ಆಗುತ್ತದೆ, ಮರ್ಯಾದೆಯೂ ಉಳಿಯುತ್ತದೆ.

ಹಂತ 8: ಮುಗಿದ ಮೇಲೆ

ಕವಾಯತು ಚದುರಿದ ಕೂಡಲೇ ಚೀಲ ಕಟ್ಟಬೇಡಿ. ಬ್ಯಾಂಡ್‌ನವರು ಮರದ ನೆರಳಿಗೆ ಹೋಗಿ ವಾದ್ಯಗಳ ಪುಟ್ಟ ಕೀಲಿ ಒತ್ತಿ ಒಳಗೆ ಕಟ್ಟಿದ ಉಸಿರಿನ ನೀರನ್ನು ಹರಿಬಿಡುತ್ತಾರೆ, ಹಳದಿ ಬಟ್ಟೆಯಿಂದ ಹಿತ್ತಾಳೆ ಒರೆಸುತ್ತಾರೆ. ‘ಅಣ್ಣಾ, ಒಂದು ಫೋಟೊ ತೆಗೆಯಲೇ?’ ಎಂದು ಕೇಳಿ ತೆಗೆಯಿರಿ, ಬೇಡವೆಂದರೆ ಒತ್ತಾಯಿಸಬೇಡಿ. ಹೆಸರು, ಹುದ್ದೆ, ವಾದ್ಯ ಮೂರನ್ನೂ ಆಗಲೇ ಬರೆದುಕೊಳ್ಳಿ. ಎಪಿಸಿ ಎಂದರೆ ಸಶಸ್ತ್ರ ಪೊಲೀಸ್ ಕಾನ್‌ಸ್ಟೆಬಲ್, ಎಎಚ್‌ಸಿ ಎಂದರೆ ಸಶಸ್ತ್ರ ಹೆಡ್ ಕಾನ್‌ಸ್ಟೆಬಲ್. ಅದಲು ಬದಲಾದರೆ ಅವರಿಗೆ ಬೇಸರವಾಗುತ್ತದೆ. ಬ್ಯೂಗಲ್, ಟ್ರಂಪೆಟ್, ಯೂಫೋನಿಯಂ ಎಲ್ಲವನ್ನೂ ‘ಕಹಳೆ’ ಎಂದು ಬರೆದು ಕೈ ತೊಳೆದುಕೊಳ್ಳಬೇಡಿ.

ಸಂಪಾದನೆಯಲ್ಲಿ ನೆರಳನ್ನು ತುಸು ಎತ್ತುವುದು, ಓರೆಯಾದ ಕಂಬ ನೆಟ್ಟಗೆ ಮಾಡುವುದು ಇಷ್ಟೇ ಸಾಕು. ಆಕಾಶಕ್ಕೆ ಕಡುನೀಲಿ ತುಂಬುವುದು, ಹಿನ್ನೆಲೆಗೆ ಶೋಕಗೀತೆ ಸೇರಿಸುವುದು ಬೇಡ. ಆರಿಸಿದ 10–12 ಚಿತ್ರಗಳನ್ನು ಅನುಮತಿ ಕೊಟ್ಟ ಕಚೇರಿಗೆ ಕಳುಹಿಸಿ. ಬ್ಯೂಗಲ್ ನುಡಿಸಿದವರಿಗೆ ಮಾತ್ರ 6×8 ಅಂಗುಲದ ಒಂದು ಪ್ರಿಂಟ್ ಹಾಕಿಸಿ, ಹಿಂಬದಿಯಲ್ಲಿ ದಿನಾಂಕ ಬರೆದು, ಮುಂದಿನ ಬಾರಿ ಆ ಮೈದಾನದ ಕಡೆ ಹೋದಾಗ ಕೈಯಲ್ಲೇ ಕೊಟ್ಟು ಬನ್ನಿ.